ಆರು ಪಂದ್ಯ, 881 ಎಸೆತ: ಕೊಶಿಯೆನ್‌ನಲ್ಲಿ ಆ ಹುಡುಗನನ್ನು ತಡೆಯಬೇಕಿತ್ತೇ?

ಹಾಸನದ ಪಿ.ಟಿ. ಮೇಷ್ಟ್ರು

ಜಪಾನಿನ ಶಾಲಾ ಬೇಸ್‌ಬಾಲ್ ಬಲ್ಲವರು ಇಲ್ಲಿ ಹಲವರಿದ್ದೀರಿ ಎಂದು ತಿಳಿದು ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಕೊಶಿಯೆನ್ ಮೈದಾನದಲ್ಲಿ ನಡೆದ ನೂರನೆಯ ಬೇಸಿಗೆ ಟೂರ್ನಿಯಲ್ಲಿ ಅಕಿತಾ ಪ್ರಾಂತ್ಯದ ಕನಾಅಶಿ ಎಂಬ ಸರ್ಕಾರಿ ಕೃಷಿ ಶಾಲೆ ಫೈನಲ್ ತಲುಪಿತು. ಆ ತಂಡದ ಪಿಚರ್ (ಬ್ಯಾಟ್ ಮಾಡುವವನಿಗೆ ಚೆಂಡು ಎಸೆಯುವವನು) ಯೋಶಿದಾ ಕೋಸೇ ಪ್ರಾಂತೀಯ ಸುತ್ತಿನ ಪಂದ್ಯಗಳನ್ನೆಲ್ಲ ಒಬ್ಬನೇ ಎಸೆದು ಮುಗಿಸಿದ. ಕೊಶಿಯೆನ್‌ನಲ್ಲೂ ಸೆಮಿಫೈನಲ್‌ವರೆಗಿನ ಐದು ಪಂದ್ಯಗಳನ್ನು ಒಬ್ಬನೇ ಎಸೆದ. ಫೈನಲ್‌ನಲ್ಲಿ ಒಂಬತ್ತರ ಪೈಕಿ ಐದು ಇನಿಂಗ್ಸ್ ಮುಗಿದು ತಂಡ 12 ರನ್ ಬಿಟ್ಟುಕೊಟ್ಟ ಮೇಲಷ್ಟೇ ಅವನು ಪಿಚರ್ ಸ್ಥಾನದಿಂದ ಸರಿದ. ಕೊಶಿಯೆನ್‌ನಲ್ಲಿ ಎಸೆದದ್ದೇ ಒಟ್ಟು 881. ಒಸಾಕಾ ತೋಯಿನ್ ಶಾಲೆ ಆ ಪಂದ್ಯವನ್ನು 13-2ರಿಂದ ಗೆದ್ದಿತು.

ನಾನು ಬೇಸ್‌ಬಾಲ್ ಕಲಿಸುವವನಲ್ಲ. ಜಾವೆಲಿನ್, ಶಾಟ್‌ಪುಟ್ ಮತ್ತು ಕ್ರಿಕೆಟ್ ಕಲಿಸುತ್ತೇನೆ. ತಾಲ್ಲೂಕು ಮಟ್ಟದ ಪಂದ್ಯಾವಳಿಯಲ್ಲಿ ಒಬ್ಬನೇ ಒಳ್ಳೆಯ ವೇಗದ ಬೌಲರ್ ಇರುವ ತಂಡವನ್ನು ನಡೆಸುವ ಕಷ್ಟ ನನಗೆ ಗೊತ್ತು. ಆದರೂ ಕೇಳುತ್ತೇನೆ: ಹದಿನೇಳು ವರ್ಷದ ಹುಡುಗ ತಾನೇ ಎಸೆಯುತ್ತೇನೆ ಎಂದು ಹಟ ಹಿಡಿದರೂ ಅವನ ಕೈಯಿಂದ ಚೆಂಡನ್ನು ತೆಗೆದುಕೊಳ್ಳುವುದು ಕೋಚ್‌ನ ಕರ್ತವ್ಯವಲ್ಲವೇ?

ಧಾರವಾಡದ ದೇಸಾಯಿ

ಕರ್ತವ್ಯವೇ ಸರಿ. ಇದರಲ್ಲಿ ಎರಡು ಮಾತಿಲ್ಲ.

ಹಳೆಯ ವಿಕೆಟ್ ಕೀಪರ್

ಎರಡು ಮಾತು ಖಂಡಿತ ಇದೆ, ದೇಸಾಯಿಯವರೇ. ಆ ಶಾಲೆಗೆ ಅದು ಜೀವಮಾನದಲ್ಲಿ ಒಮ್ಮೆ ಬರುವ ಅವಕಾಶವಾಗಿತ್ತು. ಅಕಿತಾ ಪ್ರಾಂತ್ಯದ ತಂಡವೊಂದು ಅದಕ್ಕೆ ಮೊದಲು ಫೈನಲ್ ಆಡಿದ್ದು 1915ರಲ್ಲಿ, ಮೊಟ್ಟಮೊದಲ ಟೂರ್ನಿಯಲ್ಲಿ. ಆಗ ಕ್ಯೋಟೋದ ಶಾಲೆಯ ಎದುರು 13 ಇನಿಂಗ್ಸ್ ಆಡಿ 2-1ರಿಂದ ಸೋತಿತ್ತು. ನೂರಮೂರು ವರ್ಷ ಕಾದ ಊರಿನ ಮುಂದೆ ನಿಂತ ಹುಡುಗನಿಗೆ ನೀನು ಕುಳಿತುಕೋ ಎಂದು ಹೇಳುವ ಧೈರ್ಯ ಯಾರಿಗಿದೆ? ಟೋಕಿಯೊದಲ್ಲಿ ಅಷ್ಟು ಜನರ ಮುಂದೆ ಆಡುವ ಭಾಗ್ಯ ಮತ್ತೆ ಸಿಗುವುದೂ ಇಲ್ಲ.

ಕೋಬೆ ವಾಸಿ

ಒಂದು ತಿದ್ದುಪಡಿ. ಕೊಶಿಯೆನ್ ಇರುವುದು ಟೋಕಿಯೊದಲ್ಲಲ್ಲ, ಒಸಾಕಾ ನಗರದಲ್ಲೂ ಅಲ್ಲ. ಕೋಬೆ ಮತ್ತು ಒಸಾಕಾಗಳ ನಡುವೆ, ಹ್ಯೋಗೊ ಪ್ರಾಂತ್ಯದ ನಿಶಿನೊಮಿಯಾದಲ್ಲಿ. ಹಾನ್ಶಿನ್ ರೈಲು ಕಂಪನಿ ಕಟ್ಟಿಸಿದ ಆ ಮೈದಾನ 1924ರ ಆಗಸ್ಟ್ 1ರಂದು ತೆರೆಯಿತು. ಹಾನ್ಶಿನ್ ಟೈಗರ್ಸ್ ಎಂಬ ವೃತ್ತಿಪರ ತಂಡದ ತವರು ಅದೇ. ಆದರೆ ಆಗಸ್ಟ್‌ನಲ್ಲಿ ಆ ತಂಡ ತನ್ನ ಮನೆಯನ್ನೇ ಶಾಲಾ ಹುಡುಗರಿಗೆ ಬಿಟ್ಟುಕೊಟ್ಟು ಬೇರೆ ಊರುಗಳಿಗೆ ಹೊರಡುತ್ತದೆ.

ಇಲ್ಲಿಯ ಪ್ರೌಢಶಾಲೆ ಎಂದರೆ ನಮ್ಮ ಹತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಮೂರು ವರ್ಷ. 47 ಪ್ರಾಂತ್ಯಗಳಿಂದ ಒಂದೊಂದು ತಂಡ, ಹೊಕ್ಕೈಡೊ ಮತ್ತು ಟೋಕಿಯೊಗಳಿಂದ ಎರಡೆರಡು, ಹೀಗೆ ಸಾಮಾನ್ಯವಾಗಿ 49 ತಂಡಗಳು ಬರುತ್ತವೆ. ನೂರನೆಯ ವರ್ಷವೆಂದು 2018ರಲ್ಲಿ 56 ತಂಡಗಳಿಗೆ ಅವಕಾಶ ಕೊಟ್ಟಿದ್ದರು. ಪ್ರಾಂತೀಯ ಸುತ್ತಿನ ಮೊದಲ ಪಂದ್ಯದಿಂದ ಕೊಶಿಯೆನ್ ಫೈನಲ್‌ವರೆಗೆ ಎಲ್ಲಿ ಸೋತರೂ ಅಲ್ಲಿಗೆ ಮುಗಿಯಿತು. ಎರಡನೆಯ ಅವಕಾಶ ಎಂಬುದು ಇಲ್ಲ. ಅಂತಿಮ ವರ್ಷದ ವಿದ್ಯಾರ್ಥಿಗೆ ಆ ಸೋಲು ಎಂದರೆ ಶಾಲಾ ಬೇಸ್‌ಬಾಲ್‌ನಿಂದಲೇ ವಿದಾಯ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕೋಚ್‌ನ ಮೇಲೆ ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ.

ಫಿಸಿಯೋ ಸುಮಾ

ಮೇಷ್ಟ್ರ ಪ್ರಶ್ನೆಗೆ ವೈದ್ಯಕೀಯದ ಕಡೆಯಿಂದ ಉತ್ತರಿಸುತ್ತೇನೆ. ಕ್ರಿಕೆಟ್ ಬೌಲರ್‌ಗೆ ಮುಖ್ಯವಾಗಿ ಪೆಟ್ಟು ಬೀಳುವುದು ಸೊಂಟದ ಬೆನ್ನುಮೂಳೆಗೆ. ಪಿಚರ್‌ಗೆ ಭುಜ ಮತ್ತು ಮೊಣಕೈಗೆ. ತೋಳನ್ನು ಹಿಂದಕ್ಕೆ ಪೂರ್ತಿ ಬಾಗಿಸಿ ಮುಂದಕ್ಕೆ ಚಿಮ್ಮಿಸುವ ಕ್ಷಣದಲ್ಲಿ ಮೊಣಕೈಯ ಒಳಬದಿಯ ಕೀಲುಬಂಧ ವಿಪರೀತ ಎಳೆತಕ್ಕೆ ಸಿಲುಕುತ್ತದೆ. ಸ್ನಾಯುಗಳು ಚುರುಕಾಗಿರುವವರೆಗೆ ಆ ಎಳೆತದ ಒಂದು ಪಾಲನ್ನು ಅವು ಹೊರುತ್ತವೆ. ದಣಿದ ಮೇಲೆ ಭಾರವೆಲ್ಲ ಕೀಲುಬಂಧದ ಮೇಲೆಯೇ ಬೀಳುತ್ತದೆ. ಹರೆಯದವರಲ್ಲಿ ಮೂಳೆಯ ಬೆಳವಣಿಗೆಯ ತುದಿಗಳೂ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಒಟ್ಟು ಎಷ್ಟು ಎಸೆದರು ಎಂಬುದಕ್ಕಿಂತ ದಣಿದ ಮೇಲೆ ಎಷ್ಟು ಎಸೆದರು, ಎರಡು ಪಂದ್ಯಗಳ ನಡುವೆ ಎಷ್ಟು ದಿನ ಸಿಕ್ಕಿತು ಎಂಬುದೇ ಮುಖ್ಯ.

ಕೀಲುಬಂಧ ಹರಿದರೆ ದೇಹದ ಬೇರೆ ಕಡೆಯ ಸ್ನಾಯುರಜ್ಜುವನ್ನು ತಂದು ಕಟ್ಟುವ ಶಸ್ತ್ರಚಿಕಿತ್ಸೆ ಇದೆ. ಡಾ. ಫ್ರ್ಯಾಂಕ್ ಜೋಬ್ ಅದನ್ನು 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲು ಮಾಡಿದ್ದರಿಂದ ಅವನ ಹೆಸರೇ ಉಳಿದಿದೆ. ಆದರೆ ಚೇತರಿಕೆಗೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುವುದು ಸಾಮಾನ್ಯ. ದುರಸ್ತಿ ಸಾಧ್ಯವಿದೆ ಎಂಬುದು ಮುರಿಯಲು ಅನುಮತಿಯಲ್ಲ.

ಹಳೆಯ ವಿಕೆಟ್ ಕೀಪರ್

ಸುಮಾ ಮೇಡಂ, ವೈದ್ಯಶಾಸ್ತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1998ರಲ್ಲಿ ಯೊಕೊಹಾಮಾ ಶಾಲೆಯ ಮತ್ಸುಝಾಕಾ ದೈಸುಕೆ ಪಿಎಲ್ ಗಾಕುಯೆನ್ ಶಾಲೆಯ ಎದುರಿನ ಕ್ವಾರ್ಟರ್ ಫೈನಲ್‌ನಲ್ಲಿ 17 ಇನಿಂಗ್ಸ್ ಪೂರ್ತಿ ನಿಂತು 250 ಎಸೆತಗಳನ್ನು ಎಸೆದರು; ತಂಡ 9-7ರಿಂದ ಗೆದ್ದಿತು. ಮರುದಿನದ ಸೆಮಿಫೈನಲ್‌ನಲ್ಲಿ ಕೊನೆಗೆ ಬಂದು ಎಸೆದರು, ಅದರ ಮರುದಿನ ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ (ಚೆಂಡನ್ನು ಹೊಡೆದು ಬೇಸ್ ತಲುಪುವುದು) ಕೂಡ ಬಿಟ್ಟುಕೊಡಲಿಲ್ಲ. ಆಮೇಲೆ ಅಮೆರಿಕಕ್ಕೂ ಹೋಗಿ ಬಾಸ್ಟನ್ ಪರ ಅಲ್ಲಿಯ ವೃತ್ತಿಪರ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು. ಕೊಶಿಯೆನ್ ಅವರನ್ನು ಮುಗಿಸಲಿಲ್ಲ, ರೂಪಿಸಿತು.

ಫಿಸಿಯೋ ಸುಮಾ

ಉಳಿದುಕೊಂಡವರ ಹೆಸರನ್ನೇ ನಾವು ನೆನಪಿಡುತ್ತೇವೆ ಎಂಬುದೇ ಈ ವಾದದ ದೋಷ. 1991ರ ಬೇಸಿಗೆಯಲ್ಲಿ ಒಕಿನಾವಾ ಸುಯಿಸಾನ್ ಶಾಲೆಯ ಓನೊ ರಿನ್ ಆರು ಪಂದ್ಯಗಳಲ್ಲಿ 773 ಎಸೆತಗಳನ್ನು ಎಸೆದರು. ಮೊಣಕೈ ನೋವು ಟೂರ್ನಿಗೆ ಮೊದಲೇ ಶುರುವಾಗಿತ್ತು. ಫೈನಲ್‌ನಲ್ಲಿ 13 ರನ್ ಬಿಟ್ಟುಕೊಟ್ಟು ತಂಡ ಸೋತ ಮೇಲೆ ಪರೀಕ್ಷಿಸಿದಾಗ ಮೊಣಕೈಯ ಮೂಳೆ ಮುರಿದಿರುವುದು ತಿಳಿಯಿತು. ಅವರು ಮತ್ತೆಂದೂ ಪಿಚರ್ ಆಗಲಿಲ್ಲ. ವೃತ್ತಿಪರ ತಂಡ ಸೇರಿದ್ದು ನಿಜ, ಆದರೆ ಹೊರಮೈದಾನದ ಆಟಗಾರನಾಗಿ. ಮತ್ಸುಝಾಕಾ ಅವರ ಉದಾಹರಣೆ ಕೊಡುವವರು ಓನೊ ಅವರದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ನಾಗೋಯಾ ಅಮ್ಮ

ನನ್ನ ಮಗ ಇಲ್ಲಿಯ ಮಾಧ್ಯಮಿಕ ಶಾಲೆಯ ಬೇಸ್‌ಬಾಲ್ ಕ್ಲಬ್‌ನಲ್ಲಿದ್ದಾನೆ, ಆದ್ದರಿಂದ ಈ ಚರ್ಚೆ ನನಗೆ ದೂರದ್ದಲ್ಲ. ಹುಡುಗ ಹಟ ಹಿಡಿದರೂ ಎಂದು ಮೇಷ್ಟ್ರು ಬರೆದಿದ್ದೀರಲ್ಲ, ಅದರ ಬಗ್ಗೆ ಒಂದು ಮಾತು ಹೇಳಬೇಕು. ಇಲ್ಲಿ ಹುಡುಗರು ಹಟ ಹಿಡಿಯುವುದೂ ಇಲ್ಲ. ಕೋಚ್ ನೋವಿದೆಯೇ ಎಂದು ಕೇಳುತ್ತಾರೆ, ಹುಡುಗ ಇಲ್ಲ ಎನ್ನುತ್ತಾನೆ, ಅಷ್ಟಕ್ಕೆ ಮಾತು ಮುಗಿಯುತ್ತದೆ. ನೋವಿದೆ ಎಂದರೆ ತಂಡಕ್ಕೆ ದ್ರೋಹ ಮಾಡಿದೆ ಎಂಬ ಭಾವನೆ ಅವನಲ್ಲೇ ಬೇರೂರಿರುತ್ತದೆ. ನನ್ನ ಮಗ ಕಳೆದ ಚಳಿಗಾಲದಲ್ಲಿ ಊಟದ ಚಮಚವನ್ನು ಎಡಗೈಗೆ ಬದಲಾಯಿಸಿಕೊಂಡಿದ್ದನ್ನು ನೋಡಿ ನನಗೆ ವಿಷಯ ಗೊತ್ತಾಯಿತೇ ಹೊರತು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದ್ದರಿಂದಲೇ ಇದನ್ನು ಹುಡುಗನ ಇಚ್ಛೆಗೆ ಬಿಡಬಾರದು, ಕೋಚ್‌ನ ವಿವೇಕಕ್ಕೂ ಬಿಡಬಾರದು, ನಿಯಮವೇ ತಡೆಯಬೇಕು.

ಧಾರವಾಡದ ದೇಸಾಯಿ

ಅಕ್ಕಾ, ಮಗನ ಕೈ ಈಗ ಹೇಗಿದೆ?

ನಾಗೋಯಾ ಅಮ್ಮ

ಗುಣವಾಗಿದೆ. ವಸಂತ ಕಾಲವಿಡೀ ಎಸೆಯದೆ ಬ್ಯಾಟಿಂಗ್ ಅಭ್ಯಾಸವನ್ನಷ್ಟೇ ಮಾಡಿದ. ಕೇಳಿದ್ದಕ್ಕೆ ಧನ್ಯವಾದ.

ಅಂಕಿಸಂಖ್ಯೆ

ನಿಯಮ ಎಂದ ಮೇಲೆ ಅದನ್ನು ಲೆಕ್ಕ ಹಾಕಿಯೇ ನೋಡೋಣ. ಜಪಾನಿನ ಶಾಲಾ ಬೇಸ್‌ಬಾಲ್ ಫೆಡರೇಷನ್ 2020ರಿಂದ ಒಂದು ವಾರದಲ್ಲಿ ಒಬ್ಬ ಪಿಚರ್‌ಗೆ 500 ಎಸೆತಗಳ ಮಿತಿ ಹಾಕಿದೆ. ಆ ವರ್ಷ ಕೊರೊನಾದಿಂದ ವಸಂತ ಮತ್ತು ಬೇಸಿಗೆಯ ಎರಡೂ ದೊಡ್ಡ ಟೂರ್ನಿಗಳು ರದ್ದಾದ ಕಾರಣ ಕೊಶಿಯೆನ್‌ನ ದೊಡ್ಡ ಟೂರ್ನಿಯಲ್ಲಿ ಅದು ಜಾರಿಗೆ ಬಂದದ್ದು 2021ರ ವಸಂತದಲ್ಲಿ.

ಯೋಶಿದಾ ಎಸೆದದ್ದು ಹೀಗಿದೆ: ಆಗಸ್ಟ್ 8ರಂದು 157, 14ರಂದು 154, 17ರಂದು 164, 18ರಂದು 140, 20ರ ಸೆಮಿಫೈನಲ್‌ನಲ್ಲಿ 134, 21ರ ಫೈನಲ್‌ನಲ್ಲಿ 132. ಈಗಿನ ನಿಯಮ ಅಂದು ಇದ್ದಿದ್ದರೆ 14ರಿಂದ 18ರವರೆಗೆ 458 ಆಗಿರುತ್ತಿತ್ತು, ಸೆಮಿಫೈನಲ್‌ನಲ್ಲಿ ಅವನಿಗೆ ಉಳಿಯುತ್ತಿದ್ದದ್ದು 42 ಎಸೆತ ಮಾತ್ರ. ಕನಾಅಶಿ ಆ ಪಂದ್ಯವನ್ನು ಗೆದ್ದದ್ದು 2-1ರಿಂದ. ಅವನಿಲ್ಲದೆ ಗೆಲ್ಲುತ್ತಿತ್ತೇ ಎಂಬುದನ್ನು ನೀವೇ ಊಹಿಸಿ.

ವಿಚಿತ್ರ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೇಗೋ ಗೆದ್ದು ಫೈನಲ್‌ಗೆ ಬಂದಿದ್ದರೆ, ಮರುದಿನ 14ನೇ ತಾರೀಖಿನ 154 ಎಸೆತಗಳು ವಾರದ ಲೆಕ್ಕದಿಂದ ಕಳಚಿಕೊಳ್ಳುತ್ತಿದ್ದವು. ಆಗ ಅವನಿಗೆ ಫೈನಲ್‌ನಲ್ಲಿ 154 ಎಸೆಯುವ ಅನುಮತಿ ಇರುತ್ತಿತ್ತು. ಅಂದರೆ ಐದು ದಿನಗಳಲ್ಲಿ ನಾಲ್ಕನೆಯ ಪಂದ್ಯ ಆಡುತ್ತಿರುವ, ತೋಳು ಸೋತಿರುವ ಹುಡುಗ ನಿಜವಾಗಿ ಎಸೆದ 132ಕ್ಕಿಂತ ಹೆಚ್ಚು ಎಸೆಯಲು ಈ ನಿಯಮ ಒಪ್ಪುತ್ತದೆ. ಸೆಮಿಫೈನಲ್‌ನಲ್ಲಿ ತಡೆಯುತ್ತದೆ, ಫೈನಲ್‌ನಲ್ಲಿ ಬಿಡುತ್ತದೆ. ವಾರದ ಮೊತ್ತ ಮಾತ್ರ ನೋಡುವ ನಿಯಮದ ಮಿತಿ ಇದು. ಸುಮಾ ಅವರು ಹೇಳಿದ ದಣಿವು ಅದಕ್ಕೆ ಕಾಣುವುದೇ ಇಲ್ಲ.

ಫಿಸಿಯೋ ಸುಮಾ

ಈ ಲೆಕ್ಕವನ್ನು ಇಷ್ಟು ಸ್ಪಷ್ಟವಾಗಿ ನಾನು ಎಲ್ಲೂ ಓದಿರಲಿಲ್ಲ. ಒಂದು ಪಂದ್ಯಕ್ಕೆ ಇಷ್ಟು, ಇಷ್ಟು ಎಸೆದರೆ ಇಷ್ಟು ದಿನ ವಿರಾಮ ಎಂಬ ಎರಡು ಷರತ್ತುಗಳು ಸೇರಿದಾಗಲೇ ಮಿತಿಗೆ ಅರ್ಥ ಬರುತ್ತದೆ. ನೀಗಾಟಾ ಪ್ರಾಂತ್ಯದ ಸಂಘ 2019ರಲ್ಲಿ ಒಂದು ಪಂದ್ಯಕ್ಕೆ 100 ಎಸೆತಗಳ ಮಿತಿಯನ್ನು ತನ್ನ ಮಟ್ಟದಲ್ಲೇ ಜಾರಿಗೊಳಿಸಲು ಹೊರಟಿತ್ತು. ಮರುಪರಿಶೀಲಿಸಿ ಎಂದು ರಾಷ್ಟ್ರೀಯ ಫೆಡರೇಷನ್ ಕೇಳಿದ್ದರಿಂದ ಕೈಬಿಟ್ಟಿತು. ಆ ಚರ್ಚೆಯ ಫಲವಾಗಿ ಬಂದದ್ದೇ ಈ 500. ಬರದೇ ಇರುವುದಕ್ಕಿಂತ ಮೇಲು, ಆದರೆ ಸಾಲದು.

ಕೋಬೆ ವಾಸಿ

ಲೆಕ್ಕ ಸರಿಯಾಗಿದೆ. ಅದರ ಜೊತೆಗೆ ವೇಳಾಪಟ್ಟಿಯೂ ಬದಲಾಗಿದೆ ಎಂಬುದನ್ನು ಸೇರಿಸಬೇಕು. 2018ರಲ್ಲಿ 17 ಮತ್ತು 18, ಮತ್ತೆ 20 ಮತ್ತು 21 ಹೀಗೆ ಬೆನ್ನುಬೆನ್ನಿಗೆ ಪಂದ್ಯಗಳಿದ್ದವು. ಮರುವರ್ಷದಿಂದ ಸೆಮಿಫೈನಲ್ ಮತ್ತು ಫೈನಲ್‌ಗಳ ನಡುವೆ ಒಂದು ದಿನ ಬಿಡುವು ಬಂತು. 2023ರಿಂದ ಐದನೇ ಇನಿಂಗ್ಸ್ ಮುಗಿದ ಮೇಲೆ 10 ನಿಮಿಷ ಎಲ್ಲರೂ ಒಳಗೆ ಹೋಗಿ ಮೈ ತಂಪು ಮಾಡಿಕೊಳ್ಳುತ್ತಾರೆ. 2024ರಿಂದ ಮೊದಲ ಕೆಲವು ದಿನ ಮಧ್ಯಾಹ್ನದ ಬಿಸಿಲನ್ನು ಬಿಟ್ಟು ಬೆಳಿಗ್ಗೆ ಮತ್ತು ಸಂಜೆ ಆಡಿಸುತ್ತಿದ್ದಾರೆ.

ಇತಿಹಾಸ ನೋಡಿದರೆ ಪ್ರತಿ ನಿಯಮದ ಹಿಂದೆಯೂ ಒಬ್ಬ ಹುಡುಗನ ತೋಳು ಕಾಣುತ್ತದೆ. 1933ರಲ್ಲಿ ಚುಕ್ಯೊ ಮತ್ತು ಅಕಾಶಿ ಶಾಲೆಗಳ ಸೆಮಿಫೈನಲ್ 25 ಇನಿಂಗ್ಸ್ ನಡೆದು 1-0ಯಲ್ಲಿ ಮುಗಿಯಿತು. ಗೆದ್ದ ಪಿಚರ್ 336 ಎಸೆದಿದ್ದ. 1958ರ ವಸಂತದಲ್ಲಿ ತೊಕುಶಿಮಾದ ಬಾಂಡೊ ಎಯ್ಜಿ ಎರಡು ದಿನಗಳಲ್ಲಿ 16 ಮತ್ತು 25 ಇನಿಂಗ್ಸ್ ಎಸೆದ ಮೇಲೆ, 18 ಇನಿಂಗ್ಸ್‌ಗೆ ಪಂದ್ಯ ನಿಲ್ಲಿಸಿ ಮರುಪಂದ್ಯ ಆಡಿಸುವ ನಿಯಮ ಬಂತು. ಅದೇ ಬೇಸಿಗೆಯಲ್ಲಿ ಆ ನಿಯಮಕ್ಕೆ ಮೊದಲು ಒಳಗಾದವನೂ ಬಾಂಡೊನೇ. ಮತ್ಸುಝಾಕಾ ಅವರ 17 ಇನಿಂಗ್ಸ್ ಆದ ಮೇಲೆ 2000ದಲ್ಲಿ 18 ಎಂಬುದು 15 ಆಯಿತು. 2018ರಲ್ಲಿ 13ನೇ ಇನಿಂಗ್ಸ್‌ನಿಂದ ಬೇಸ್‌ಗಳಲ್ಲಿ ಓಟಗಾರರನ್ನು ನಿಲ್ಲಿಸಿಯೇ ಆಟ ಶುರುಮಾಡುವ ಟೈಬ್ರೇಕ್ ಬಂತು, 2023ರಲ್ಲಿ ಅದು 10ನೇ ಇನಿಂಗ್ಸ್‌ಗೆ ಇಳಿಯಿತು.

ಹಳೆಯ ವಿಕೆಟ್ ಕೀಪರ್

ನೀವೆಲ್ಲ ಒಂದು ಮಾತನ್ನು ಬಿಡುತ್ತಿದ್ದೀರಿ. ಮಿತಿ ಹಾಕಿದರೆ ಲಾಭ ಯಾರಿಗೆ? ಒಸಾಕಾ ತೋಯಿನ್ ಆ ವರ್ಷ ಮೂವರು ಸಮರ್ಥ ಪಿಚರ್‌ಗಳನ್ನು ಇಟ್ಟುಕೊಂಡು ಬಂದಿತ್ತು. ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ ತರುವ ಖಾಸಗಿ ಶಾಲೆ ಅದು. ಕನಾಅಶಿಯ ಹುಡುಗರೆಲ್ಲರೂ ಅಕಿತಾದವರೇ. ಪ್ರಾಂತೀಯ ಸುತ್ತಿನ ಮೊದಲ ಪಂದ್ಯದಿಂದ ಫೈನಲ್‌ವರೆಗೆ ಆ ತಂಡ ಒಂಬತ್ತೇ ಹುಡುಗರನ್ನು ಆಡಿಸಿತು, ಬದಲಿ ಆಟಗಾರನನ್ನು ಒಮ್ಮೆಯೂ ಇಳಿಸಲಿಲ್ಲ. ಫೈನಲ್‌ನಲ್ಲಿ ಯೋಶಿದಾ ಸರಿದಾಗಲೂ ಮೈದಾನದಲ್ಲೇ ಇದ್ದವನು ಬಂದು ಎಸೆದ. ಇಂಥ ತಂಡಕ್ಕೆ 500ರ ಮಿತಿ ಎಂದರೆ ನೀವು ಸೆಮಿಫೈನಲ್‌ಗೆ ಬಂದರೆ ಸಾಕು ಎಂದು ಮೊದಲೇ ಹೇಳಿದ ಹಾಗೆ. ಮಕ್ಕಳ ಆರೋಗ್ಯದ ಹೆಸರಿನಲ್ಲಿ ಬಡ ಶಾಲೆಗಳ ಬಾಗಿಲು ಮುಚ್ಚಿದಂತಾಗುತ್ತದೆ.

ಶಿವಮೊಗ್ಗದ ಓದುಗ

ಈ ವಾದದಲ್ಲಿ ಹುರುಳಿದೆ. 1984ರಲ್ಲೂ ಕನಾಅಶಿ ಸೆಮಿಫೈನಲ್‌ಗೆ ಬಂದು, ಆ ಕಾಲದ ಬಲಾಢ್ಯ ಪಿಎಲ್ ಗಾಕುಯೆನ್ ಎದುರು ಎಂಟನೇ ಇನಿಂಗ್ಸ್‌ನ ಹೋಮ್ ರನ್‌ನಿಂದ (ನಮ್ಮ ಸಿಕ್ಸರ್‌ನಂಥ ಹೊಡೆತ) 3-2ರಲ್ಲಿ ಸೋತಿತ್ತು. ಕೃಷಿ ಶಾಲೆಯೊಂದು ಅಷ್ಟು ದೂರ ಬರುವುದು ಒಬ್ಬಿಬ್ಬರು ಅಸಾಮಾನ್ಯ ಹುಡುಗರು ಒಂದೇ ಸಮಯಕ್ಕೆ ಸಿಕ್ಕಾಗ ಮಾತ್ರ.

ನಾಗೋಯಾ ಅಮ್ಮ

ಬಡ ಶಾಲೆಯ ಅವಕಾಶವನ್ನು ಒಬ್ಬ ಹುಡುಗನ ಮೊಣಕೈಯಿಂದ ಭರಿಸಬೇಕೇ? ಆಯ್ಕೆಯಲ್ಲಿ ಅಸಮಾನತೆ ಇದ್ದರೆ ಅದನ್ನು ಆಯ್ಕೆಯ ಜಾಗದಲ್ಲೇ ಸರಿಪಡಿಸಬೇಕು.

ಹಾಸನದ ಪಿ.ಟಿ. ಮೇಷ್ಟ್ರು

ಇಷ್ಟು ಉತ್ತರಗಳಿಗೆ ಎಲ್ಲರಿಗೂ ವಂದನೆಗಳು. ವಿಕೆಟ್ ಕೀಪರ್ ಅವರ ಮಾತು ನನಗೆ ತಟ್ಟುತ್ತದೆ, ಏಕೆಂದರೆ ನಮ್ಮ ಸರ್ಕಾರಿ ಶಾಲೆಗಳದ್ದೂ ಅದೇ ಪಾಡು. ಆದರೆ ಅಮ್ಮ ಹೇಳಿದ್ದೇ ಸರಿ ಎಂದು ನನಗೆ ಕಾಣುತ್ತದೆ. ಎರಡನೆಯ ಪಿಚರ್‌ನನ್ನು ತಯಾರು ಮಾಡದೆ ಇರುವುದಕ್ಕೆ ಬಡತನ ಅರ್ಧ ಕಾರಣವಾದರೆ, ಒಬ್ಬ ಚೆನ್ನಾಗಿ ಎಸೆಯುತ್ತಿರುವಾಗ ಇನ್ನೊಬ್ಬನಿಗೆ ಕಲಿಸುವ ತಾಳ್ಮೆ ನಮ್ಮಂಥವರಿಗೆ ಇಲ್ಲದಿರುವುದು ಇನ್ನರ್ಧ. ಬೇರೆ ದಾರಿ ಹಿಡಿದು ಗೆದ್ದ ಶಾಲೆಗಳು ಯಾವುವಾದರೂ ಇವೆಯೇ?

ಕೋಬೆ ವಾಸಿ

ಇವೆ. 2022ರಲ್ಲಿ ಸೆಂದಾಯ್ ಇಕುಯೆಯ್ ಐವರು ಪಿಚರ್‌ಗಳನ್ನು ಸರದಿಯ ಮೇಲೆ ಬಳಸಿ ಗೆದ್ದಿತು. ಈಶಾನ್ಯ ಜಪಾನಿನ ತೊಹೊಕು ಪ್ರದೇಶಕ್ಕೆ ಕಡುಗೆಂಪು ವಿಜಯ ಪತಾಕೆ ಬಂದದ್ದು ಅದೇ ಮೊದಲು. ಅಕಿತಾ ಕೂಡ ಆ ಪ್ರದೇಶದ್ದೇ. ಯೋಶಿದಾ ಒಬ್ಬನೇ ಹೊತ್ತು ತರಲಾಗದ ಪತಾಕೆಯನ್ನು ನಾಲ್ಕು ವರ್ಷಗಳ ಬಳಿಕ ಐವರು ಹಂಚಿಕೊಂಡು ತಂದರು. ಆದರೆ ಅದು ಖಾಸಗಿ ಶಾಲೆ ಎಂದು ವಿಕೆಟ್ ಕೀಪರ್ ಅವರು ಈಗಲೇ ಆಕ್ಷೇಪಿಸುತ್ತಾರೆ ಎಂದು ಬಲ್ಲೆ, ಆ ಆಕ್ಷೇಪ ನ್ಯಾಯವಾದದ್ದೂ ಹೌದು.

ಇನ್ನೊಂದು ದಾರಿಯನ್ನು 2019ರಲ್ಲಿ ಇವಾತೆ ಪ್ರಾಂತ್ಯದ ಓಫುನಾತೊ ಎಂಬ ಸರ್ಕಾರಿ ಶಾಲೆ ತೋರಿಸಿತು. ಅಲ್ಲಿ ಸಸಾಕಿ ರೋಕಿ ಎಂಬ, ಗಂಟೆಗೆ 163 ಕಿ.ಮೀ. ವೇಗದಲ್ಲಿ ಎಸೆಯುವ ಹುಡುಗನಿದ್ದ. ಪ್ರಾಂತೀಯ ನಾಲ್ಕನೇ ಸುತ್ತಿನಲ್ಲಿ 12 ಇನಿಂಗ್ಸ್ ಆಡಿ 194 ಎಸೆತ, ಸೆಮಿಫೈನಲ್‌ನಲ್ಲಿ 129 ಎಸೆತ. ಮರುದಿನವೇ ಫೈನಲ್. ಗೆದ್ದರೆ ಕೊಶಿಯೆನ್. ಕೋಚ್ ಅವನನ್ನು ಆಡಿಸಲೇ ಇಲ್ಲ, ತಂಡ 12-2ರಿಂದ ಸೋತಿತು. ಶಾಲೆಗೆ ದೂರಿನ ಕರೆಗಳ ಸುರಿಮಳೆಯಾಯಿತು. ಸಸಾಕಿ 2022ರ ಏಪ್ರಿಲ್‌ನಲ್ಲಿ ವೃತ್ತಿಪರ ಲೀಗ್‌ನಲ್ಲಿ 19 ಸ್ಟ್ರೈಕ್‌ಔಟ್‌ಗಳೊಡನೆ (ಎಸೆತದಿಂದಲೇ ಔಟ್ ಮಾಡುವುದು) ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ತಲುಪಲು ಬಿಡದ ಪರ್ಫೆಕ್ಟ್ ಗೇಮ್ ಎಸೆದರು, ಈಗ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದಲ್ಲಿದ್ದಾರೆ.

ಹಳೆಯ ವಿಕೆಟ್ ಕೀಪರ್

ಸಸಾಕಿಗೆ ಭವಿಷ್ಯವಿತ್ತು, ಸರಿ. ಆ ತಂಡದ ಉಳಿದ ಹುಡುಗರ ಗತಿ? ಅವರಲ್ಲಿ ಹೆಚ್ಚಿನವರು ಮುಂದೆ ಬೇಸ್‌ಬಾಲ್ ಆಡಿ ಬದುಕುವವರಲ್ಲ. ಅವರ ಪಾಲಿಗೆ ಕೊಶಿಯೆನ್ ಒಂದೇ ಇದ್ದದ್ದು, ಅದು ಒಬ್ಬನ ಭವಿಷ್ಯಕ್ಕಾಗಿ ಕೈತಪ್ಪಿತು. ಒಬ್ಬನ ತೋಳಿನ ಬಗ್ಗೆ ಇಷ್ಟು ಮಾತಾಡುವ ನಾವು ಉಳಿದ ಎಂಟು ಜನರ ಬಗ್ಗೆಯೂ ಒಂದು ಮಾತು ಆಡಬೇಕು.

ಅಂಕಿಸಂಖ್ಯೆ

ಈ ಇಡೀ ಚರ್ಚೆಯಲ್ಲಿ ನನಗೆ ಉತ್ತರ ಹೊಳೆಯದ ಪ್ರಶ್ನೆ ಇದೊಂದೇ.

ಧಾರವಾಡದ ದೇಸಾಯಿ

ಕೋಬೆಯವರೇ, ನೀವು ಆ ಮೈದಾನದಲ್ಲಿ ಕುಳಿತು ನೋಡಿದವರು. ಸೋತ ಹುಡುಗರು ಮಣ್ಣು ತುಂಬಿಕೊಳ್ಳುತ್ತಾರಂತಲ್ಲ, ಅದು ಎಲ್ಲರೂ ಮಾಡುವ ಪದ್ಧತಿಯೇ?

ಕೋಬೆ ವಾಸಿ

ಬಹುತೇಕ ಎಲ್ಲರೂ ಮಾಡುತ್ತಾರೆ. ಪಂದ್ಯ ಮುಗಿದೊಡನೆ ಸೈರನ್ ಕೂಗುತ್ತದೆ, ಎರಡೂ ತಂಡಗಳು ಎದುರುಬದುರು ಸಾಲಾಗಿ ನಿಂತು ಬಾಗಿ ವಂದಿಸುತ್ತವೆ, ಗೆದ್ದವರ ಶಾಲಾಗೀತೆಯನ್ನು ನುಡಿಸಿ ಅವರ ಧ್ವಜವನ್ನು ಏರಿಸುತ್ತಾರೆ. ಕನಾಅಶಿಯ ಹುಡುಗರು ಹಾಡುವಾಗ ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿ, ಮುಖವನ್ನು ಆಕಾಶಕ್ಕೆ ಮಾಡಿ ಕೂಗುತ್ತಿದ್ದರು. ಅದನ್ನು ನೋಡಿದವರು ಮರೆಯುವುದಿಲ್ಲ. ಸೋತವರು ಆಮೇಲೆ ತಮ್ಮ ಡಗ್‌ಔಟ್ ಮುಂದೆ ಮಂಡಿಯೂರಿ, ಎರಡೂ ಕೈಗಳಿಂದ ಕಪ್ಪು ಮಣ್ಣನ್ನು ಬಳಿದು ಶೂ ಇಡುವ ಚೀಲಕ್ಕೆ ತುಂಬುತ್ತಾರೆ. ಮುಂದಿನ ಪಂದ್ಯದ ತಂಡ ಕಾಯುತ್ತಿರುವುದರಿಂದ ಅದಕ್ಕೆ ಹೆಚ್ಚು ಹೊತ್ತು ಸಿಗುವುದಿಲ್ಲ.

ಒಕಿನಾವಾದ ಶುರಿ ಶಾಲೆಯ ಹುಡುಗರು 1958ರಲ್ಲಿ ಹಾಗೆ ಒಯ್ದ ಮಣ್ಣನ್ನು ಊರಿನ ಬಂದರಿನಲ್ಲಿ ಸಮುದ್ರಕ್ಕೆ ಸುರಿಯಬೇಕಾಯಿತು. ಆಗ ಒಕಿನಾವಾ ಅಮೆರಿಕದ ಆಡಳಿತದಲ್ಲಿದ್ದುದರಿಂದ ಜಪಾನಿನ ಮಣ್ಣು ಸಸ್ಯರೋಗ ತಡೆ ನಿಯಮದಡಿ ವಿದೇಶಿ ಮಣ್ಣಾಗಿತ್ತು. ಸುದ್ದಿ ತಿಳಿದ ಜಪಾನ್ ಏರ್‌ಲೈನ್ಸ್ ಪರಿಚಾರಿಕೆಯರು ಮೈದಾನದ ಸಣ್ಣ ಕಲ್ಲುಗಳನ್ನು ಆ ಶಾಲೆಗೆ ತಲುಪಿಸಿದರು.

ಶಿವಮೊಗ್ಗದ ಓದುಗ

ಅದೇ ಒಕಿನಾವಾದ ಶಾಲೆ 2010ರಲ್ಲಿ ಬೇಸಿಗೆ ಟೂರ್ನಿ ಗೆದ್ದಿತು, 2025ರಲ್ಲಿ ಮತ್ತೊಂದು ಶಾಲೆ ಗೆದ್ದಿತು. ಓನೊ ಅವರ ನೋವಿನ ಫೈನಲ್ ನೋಡಿದ ದ್ವೀಪಕ್ಕೆ ಆ ಪತಾಕೆ ಕೊನೆಗೂ ಬಂತು ಎಂಬುದು ನನಗೆ ದೊಡ್ಡ ಸಂಗತಿ.

ಕೋಬೆ ವಾಸಿ

2010ರದ್ದು ಶುರಿ ಅಲ್ಲ, ಕೋನಾನ್ ಶಾಲೆ. 2025ರದ್ದು ಒಕಿನಾವಾ ಶೋಗಾಕು. ಓದುವವರಿಗೆ ಗೊಂದಲವಾಗಬಾರದೆಂದು ಬರೆದೆ.

ನಾಗೋಯಾ ಅಮ್ಮ

ಹುಡುಗಿಯರ ಬಗ್ಗೆ ಯಾರೂ ಬರೆಯಲಿಲ್ಲ. ಹುಡುಗರ ಟೂರ್ನಿಯ ಅಧಿಕೃತ ಪಂದ್ಯಗಳಲ್ಲಿ ಅವರಿಗೆ ಇಂದಿಗೂ ಆಡಲು ಅವಕಾಶವಿಲ್ಲ. ಹುಡುಗಿಯರ ರಾಷ್ಟ್ರೀಯ ಟೂರ್ನಿಯ ಫೈನಲ್ ಕೊಶಿಯೆನ್‌ನಲ್ಲಿ ಮೊದಲ ಬಾರಿ ನಡೆದದ್ದು 2021ರಲ್ಲಿ. ಮೈದಾನ ಕಟ್ಟಿ 97 ವರ್ಷಗಳಾದ ಮೇಲೆ! ನನಗೆ ಮಗಳೂ ಇದ್ದಾಳೆ, ಅವಳೂ ಎಸೆಯುತ್ತಾಳೆ. ಆದ್ದರಿಂದ ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಫಿಸಿಯೋ ಸುಮಾ

ಮುಖ್ಯ ವಿಷಯಕ್ಕೆ ಮರಳೋಣ. ಈಗ ಫೆಡರೇಷನ್ ಪಂದ್ಯವನ್ನು 9 ಇನಿಂಗ್ಸ್‌ನಿಂದ 7ಕ್ಕೆ ಇಳಿಸುವ ಬಗ್ಗೆ ಚರ್ಚಿಸುತ್ತಿದೆ. 18 ವರ್ಷದೊಳಗಿನವರ ವಿಶ್ವಕಪ್ ಈಗಾಗಲೇ 7 ಇನಿಂಗ್ಸ್‌ನದ್ದಾಗಿದೆ. ಬಿಸಿಲು ಮತ್ತು ತೋಳು ಎರಡಕ್ಕೂ ಒಂದೇ ಔಷಧ ಎಂಬುದು ನನ್ನ ಅಭಿಪ್ರಾಯ. ಎಣಿಸುವ ಗೊಂದಲವಿಲ್ಲ, ಬಡ ಶಾಲೆ ಮತ್ತು ಶ್ರೀಮಂತ ಶಾಲೆ ಎಂಬ ಭೇದವಿಲ್ಲ, ಒಬ್ಬನೇ ಪಿಚರ್ ಇರುವ ತಂಡಕ್ಕೂ ಅನುಕೂಲ. ವಿಕೆಟ್ ಕೀಪರ್ ಅವರ ಆಕ್ಷೇಪಕ್ಕೂ ಇದರಲ್ಲಿ ಉತ್ತರ ಸಿಗುತ್ತದೆ.

ಹಳೆಯ ವಿಕೆಟ್ ಕೀಪರ್

ಸಿಗುವುದಿಲ್ಲ, ಮೇಡಂ. ಕನಾಅಶಿಯ ಪಂದ್ಯಗಳನ್ನೇ ತೆಗೆದುಕೊಳ್ಳಿ. ಮೂರನೇ ಸುತ್ತಿನಲ್ಲಿ ಯೊಕೊಹಾಮಾ ಎದುರು ಏಳನೇ ಇನಿಂಗ್ಸ್ ಮುಗಿದಾಗ ಕನಾಅಶಿ 4-2ರಿಂದ ಹಿಂದಿತ್ತು. ಎಂಟನೇ ಇನಿಂಗ್ಸ್‌ನಲ್ಲಿ ಮೂರು ರನ್‌ಗಳ ಹೋಮ್ ರನ್ ಬಂದು 5-4 ಆಯಿತು.

ಮರುದಿನ ಓಮಿ ಶಾಲೆಯ ಎದುರಿನ ಕ್ವಾರ್ಟರ್ ಫೈನಲ್‌ನಲ್ಲಿ ಒಂಬತ್ತನೇ ಇನಿಂಗ್ಸ್‌ಗೆ ಬಂದಾಗಲೂ 2-1ರ ಹಿನ್ನಡೆ. ಔಟ್ ಇಲ್ಲ, ಮೂರೂ ಬೇಸ್ ತುಂಬಿದ್ದವು. ಬ್ಯಾಟ್ ಹಿಡಿದವನು ಚೆಂಡನ್ನು ಮೆಲ್ಲನೆ ಮೂರನೇ ಬೇಸ್ ಕಡೆಗೆ ತಟ್ಟಿದ. ಮೂರನೇ ಬೇಸ್‌ನಲ್ಲಿದ್ದ ಓಟಗಾರ ಹೋಮ್ ಬೇಸ್ (ಅದನ್ನು ಮುಟ್ಟಿದರೆ ರನ್) ಮುಟ್ಟಿ ಸಮ ಮಾಡಿದ. ಓಮಿಯ ಹುಡುಗ ಚೆಂಡನ್ನು ಎತ್ತಿ ಮೊದಲ ಬೇಸ್‌ಗೆ ಎಸೆಯುತ್ತಿರುವಷ್ಟರಲ್ಲಿ, ಎರಡನೇ ಬೇಸ್‌ನಿಂದ ಹೊರಟವನು ಮೂರನೆಯದರಲ್ಲಿ ನಿಲ್ಲದೆ ನೇರ ಹೋಮ್ ಬೇಸ್‌ಗೆ ಓಡಿ ಜಾರಿ ಬಿದ್ದು ಅದನ್ನು ಮುಟ್ಟಿದ. ಒಂದು ಬಂಟ್, ಎರಡು ರನ್, ಪಂದ್ಯ ಮುಗಿಯಿತು. ಓಮಿಯ ಕ್ಯಾಚರ್ (ನಮ್ಮ ವಿಕೆಟ್ ಕೀಪರ್‌ನಂಥವನು) ಹೋಮ್ ಬೇಸ್ ಪಕ್ಕದಲ್ಲೇ ಮುಖ ಕೆಳಗೆ ಮಾಡಿ ಬಿದ್ದವನು ಬಹಳ ಹೊತ್ತು ಏಳಲಿಲ್ಲ.

ಏಳೇ ಇನಿಂಗ್ಸ್ ಇದ್ದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ. ಯೊಕೊಹಾಮಾ ಎದುರು ಸೋತು ಮೂರನೇ ಸುತ್ತಿನಲ್ಲೇ ಊರಿಗೆ ಮರಳುತ್ತಿದ್ದರು, ನಾವು ಇಂದು ಈ ಚರ್ಚೆಯನ್ನೂ ಮಾಡುತ್ತಿರಲಿಲ್ಲ. ಬಲಾಢ್ಯ ತಂಡದ ಪಿಚರ್ ದಣಿಯುವುದು ಎಂಟು ಮತ್ತು ಒಂಬತ್ತರಲ್ಲಿ. ಸಣ್ಣ ಶಾಲೆಗೆ ದಾರಿ ತೆರೆಯುವುದೂ ಆಗಲೇ.

ಅಂಕಿಸಂಖ್ಯೆ

ಎರಡೂ ಪಂದ್ಯಗಳ ಲೆಕ್ಕ ಸರಿ. ಏಳನೆಯದರ ಕೊನೆಗೆ 4-2, ಮತ್ತೊಂದರಲ್ಲಿ 2-1.

ಫಿಸಿಯೋ ಸುಮಾ

ಆ ಎರಡು ಪಂದ್ಯಗಳ ಕೊನೆಯ ಎರಡೆರಡು ಇನಿಂಗ್ಸ್‌ಗಳಲ್ಲಿ ದಣಿದವರು ಎದುರಾಳಿ ಪಿಚರ್‌ಗಳು ಮಾತ್ರವಲ್ಲ, ಯೋಶಿದಾ ಕೂಡ ಎಂಬುದನ್ನು ಸೇರಿಸಿ ಓದಿ. ಆ ಬಂಟ್‌ನ ಸೌಂದರ್ಯವನ್ನು ನಾನು ಒಪ್ಪುತ್ತೇನೆ. ಅದನ್ನು ಉಳಿಸಿಕೊಳ್ಳಬೇಕಾದರೆ 9 ಇನಿಂಗ್ಸ್ ಇರಲಿ, ಆದರೆ ಪಂದ್ಯಕ್ಕೆ ಇಷ್ಟೇ ಎಂಬ ಮಿತಿಯೂ ಕಡ್ಡಾಯ ವಿರಾಮವೂ ಇರಲಿ. ಎರಡೂ ಬೇಡ ಎನ್ನುವುದನ್ನು ಮಾತ್ರ ಒಪ್ಪಲಾರೆ.

ಹಳೆಯ ವಿಕೆಟ್ ಕೀಪರ್

ಕಡ್ಡಾಯ ವಿರಾಮಕ್ಕೆ ನನ್ನ ವಿರೋಧವಿಲ್ಲ. ಟೂರ್ನಿ ಇನ್ನೊಂದು ವಾರ ಉದ್ದವಾಗಲಿ. ಪಂದ್ಯಕ್ಕೆ 100ರ ಮಿತಿಯನ್ನು ಮಾತ್ರ ಒಪ್ಪಲಾರೆ.

ಹಾಸನದ ಪಿ.ಟಿ. ಮೇಷ್ಟ್ರು

ಟೂರ್ನಿ ಉದ್ದವಾದರೆ ಅಕಿತಾದಂಥ ದೂರದ ಊರಿನ ಸರ್ಕಾರಿ ಶಾಲೆ ಅಷ್ಟು ದಿನಗಳ ವಸತಿಯ ಖರ್ಚನ್ನು ಹೇಗೆ ಭರಿಸುತ್ತದೆ? ಕೋಬೆಯವರು ಬಲ್ಲಿರಾದರೆ ತಿಳಿಸಿ.

ಕೋಬೆ ವಾಸಿ

ಸಂಘಟಕರು ಪ್ರಯಾಣ ಮತ್ತು ವಸತಿಗೆ ಒಂದು ಪಾಲು ಕೊಡುತ್ತಾರೆ. ಉಳಿದದ್ದನ್ನು, ಮುಖ್ಯವಾಗಿ ಸಾವಿರಾರು ಬೆಂಬಲಿಗರನ್ನು ಬಸ್ಸುಗಳಲ್ಲಿ ಕರೆತರುವ ಖರ್ಚನ್ನು, ಹಳೆಯ ವಿದ್ಯಾರ್ಥಿಗಳು ಮತ್ತು ಊರಿನವರು ಚಂದಾ ಎತ್ತಿ ಕೊಡುತ್ತಾರೆ. ಕನಾಅಶಿ ಗೆಲ್ಲುತ್ತಾ ಹೋದ ಹಾಗೆ ಹಣ ಸಾಲದಾಗಿ ಹಳೆಯ ವಿದ್ಯಾರ್ಥಿಗಳು ಮತ್ತೆ ಮನವಿ ಮಾಡಬೇಕಾಯಿತು. ಒಂದು ವಾರ ಹೆಚ್ಚಾದರೆ ಆ ಭಾರವೂ ಹೆಚ್ಚುತ್ತದೆ, ಆದ್ದರಿಂದ ವಿರಾಮದ ದಿನಗಳ ಖರ್ಚನ್ನು ಸಂಘಟಕರೇ ಪೂರ್ತಿ ಹೊರಬೇಕು ಎಂಬುದು ನನ್ನ ನಿಲುವು. 2018ರಲ್ಲಿ ಪ್ರೇಕ್ಷಕರ ಸಂಖ್ಯೆ ಮೊದಲ ಬಾರಿಗೆ 10 ಲಕ್ಷ ದಾಟಿತ್ತು. ಅಷ್ಟು ಜನರನ್ನು ಸೆಳೆಯುವ ಟೂರ್ನಿ ಹುಡುಗರ ವಿಶ್ರಾಂತಿಗೆ ಹಣವಿಲ್ಲ ಎನ್ನುವಂತಿಲ್ಲ.

ಧಾರವಾಡದ ದೇಸಾಯಿ

ಇದಕ್ಕೆ ವಿಕೆಟ್ ಕೀಪರ್ ಅವರೂ ಸುಮಾ ಅವರೂ ಇಬ್ಬರೂ ಒಪ್ಪುತ್ತಾರೆ ಎಂದು ಭಾವಿಸುತ್ತೇನೆ.

ಹಳೆಯ ವಿಕೆಟ್ ಕೀಪರ್

ಒಪ್ಪಿದೆ.

ಫಿಸಿಯೋ ಸುಮಾ

ನಾನೂ ಒಪ್ಪುತ್ತೇನೆ. ಪಂದ್ಯದ ಮಿತಿಯ ವಿಷಯ ಮಾತ್ರ ಬಾಕಿ ಇದೆ.